ದಿನ ತುಂಬದ ಕೂಸು, ನೋವಿನ ಔಷಧ ಮತ್ತು ಮಿದುಳಿನ ರಕ್ತ

ಹಲ್ಲುನೋವು, ಮಂಡಿನೋವು, ಮುಟ್ಟಿನ ಹೊಟ್ಟೆನೋವು ಎಂದು ನಾವು ಮನೆಯಲ್ಲಿ ನುಂಗುವ ಮಾತ್ರೆಗಳಿವೆಯಲ್ಲ, ಅದೇ ಜಾತಿಗೆ ಸೇರಿದ ಒಂದೆರಡು ಔಷಧಗಳನ್ನು ಏಳೆಂಟುನೂರು ಗ್ರಾಂ ತೂಗುವ ಹಸುಗೂಸುಗಳಿಗೂ ಕೊಡುತ್ತಾರೆ. ನೋವಿಗಲ್ಲ, ಜ್ವರಕ್ಕೂ ಅಲ್ಲ. ಹೃದಯದ ಪಕ್ಕದಲ್ಲಿರುವ ಒಂದು ರಕ್ತನಾಳ ಮುಚ್ಚಿಕೊಳ್ಳಲಿ ಎಂದು. ಆ ಔಷಧ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಕೂಸಿನ ಮಿದುಳಿಗೆ ಹೋಗುವ ರಕ್ತ ಏನಾಗುತ್ತದೆ, ಅದರಿಂದ ಮಗುವಿಗೆ ಒಳಿತೋ ಕೆಡುಕೋ ಎಂಬುದು ಇವತ್ತು ನಾನು ನಿಮ್ಮೊಂದಿಗೆ ಮಾತಾಡಬೇಕೆಂದುಕೊಂಡಿರುವ ವಿಷಯ. ದೂರದ ವಿಷಯ ಅನ್ನಿಸಬಹುದು. ಆದರೆ ಜಗತ್ತಿನಲ್ಲಿ ದಿನ ತುಂಬದೆ ಹುಟ್ಟುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಮಗು ನಮ್ಮ ದೇಶದ್ದು. 2020ನೇ ಇಸವಿಯೊಂದರಲ್ಲೇ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಅವುಗಳಲ್ಲಿ ತೀರ ಮುಂಚಿತವಾಗಿ, 28 ವಾರವೂ ಆಗುವ ಮೊದಲು ಬಂದವುಗಳ ಪಾಲು ಚಿಕ್ಕದು. ಆದರೆ ತೊಂದರೆಯ ಹೊರೆ ಹೆಚ್ಚಾಗಿ ಬೀಳುವುದು ಅವುಗಳ ಮೇಲೆಯೇ.

ಮೊದಲು ಆ ರಕ್ತನಾಳದ ವಿಚಾರ ಹೇಳುತ್ತೇನೆ. ಬಸಿರಿನಲ್ಲಿರುವ ಮಗು ಗಾಳಿ ಉಸಿರಾಡುವುದಿಲ್ಲ. ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯಲ್ಲಿ ಬರುತ್ತದೆ. ಶ್ವಾಸಕೋಶಗಳಿಗೆ ಆಗ ಕೆಲಸವಿಲ್ಲ, ಅಲ್ಲಿಗೆ ಹೆಚ್ಚು ರಕ್ತ ಹೋಗುವ ಅಗತ್ಯವೂ ಇಲ್ಲ. ಹಾಗಾಗಿ ಶ್ವಾಸಕೋಶದ ಕಡೆ ಹೊರಟ ರಕ್ತವನ್ನು ಮಹಾಪಧಮನಿಗೆ, ಅಂದರೆ ಮೈಗೆಲ್ಲ ರಕ್ತ ಹಂಚುವ ದೊಡ್ಡ ನಾಳಕ್ಕೆ, ನೇರವಾಗಿ ತಿರುಗಿಸಲು ಒಂದು ಗಿಡ್ಡ ನಾಳವಿರುತ್ತದೆ. ಡಕ್ಟಸ್ ಆರ್ಟೀರಿಯೋಸಸ್ ಎಂದು ಅದರ ಹೆಸರು. ಅದನ್ನು ಬಸಿರಿನುದ್ದಕ್ಕೂ ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಅದರ ಬಹುಭಾಗ ಮಾಸಿನಲ್ಲೇ ತಯಾರಾಗುತ್ತದೆ. ಹೆರಿಗೆಯಾಗಿ ಮಾಸು ಬಿದ್ದಮೇಲೆ ಈ ರಾಸಾಯನಿಕ ಇಳಿಯುತ್ತದೆ. ಮಗು ಅಳುತ್ತದೆ, ರಕ್ತದಲ್ಲಿ ಆಮ್ಲಜನಕ ಏರುತ್ತದೆ. ನಾಳದ ಗೋಡೆಯ ಸ್ನಾಯು ಬಿಗಿಯುತ್ತದೆ. ದಿನ ತುಂಬಿದ ಮಗುವಿನಲ್ಲಿ ಎರಡು ಮೂರು ದಿನಗಳೊಳಗೆ ನಾಳ ಮುಚ್ಚಿಹೋಗುತ್ತದೆ. 25, 26 ವಾರಕ್ಕೆ ಹುಟ್ಟಿದ ಕೂಸಿನಲ್ಲಿ ಆ ಸ್ನಾಯುವೂ ಬಲಿತಿರುವುದಿಲ್ಲ, ಪ್ರೊಸ್ಟಗ್ಲಾಂಡಿನ್‌ಗೆ ಅದು ಇನ್ನೂ ಬಲವಾಗಿ ಸ್ಪಂದಿಸುತ್ತಲೇ ಇರುತ್ತದೆ. ನಾಳ ತೆರೆದೇ ಉಳಿಯುತ್ತದೆ. ವಾರ್ಡಿನಲ್ಲಿ ಇದನ್ನು ಪಿಡಿಎ ಅನ್ನುತ್ತಾರೆ.

"ಡಾಕ್ಟ್ರೇ, ನಮ್ ಮಗೂಗೆ ಹಾರ್ಟಲ್ಲಿ ತೂತು ಅಂತ ನರ್ಸಮ್ಮ ಹೇಳಿದ್ರು, ಹೌದಾ?" ಎಂದು ತಾಯಂದಿರು ಕೇಳುತ್ತಾರೆ. ಹೃದಯದಲ್ಲಿ ತೂತು ಬಿದ್ದದ್ದಲ್ಲ ತಾಯಿ, ಹುಟ್ಟುವ ಮೊದಲು ಇರಬೇಕಾಗಿದ್ದ ದಾರಿಯೊಂದು ಇನ್ನೂ ಮುಚ್ಚಿಲ್ಲ ಅಷ್ಟೇ ಎಂದು ತಿಳಿಸಿಹೇಳಬೇಕಾಗುತ್ತದೆ. ಆದರೆ ಆ ದಾರಿಯಲ್ಲಿ ರಕ್ತ ಹರಿಯುವ ದಿಕ್ಕು ಈಗ ಬದಲಾಗಿದೆ. ಬಸಿರಿನಲ್ಲಿ ಶ್ವಾಸಕೋಶದಿಂದ ಮೈಯ ಕಡೆಗೆ ಹೋಗುತ್ತಿದ್ದ ರಕ್ತ, ಹುಟ್ಟಿದ ಮೇಲೆ ಮೈಯ ಕಡೆಯಿಂದ ಶ್ವಾಸಕೋಶದೊಳಕ್ಕೆ ನುಗ್ಗುತ್ತದೆ. ಭದ್ರಾ ಕಾಲುವೆಯಲ್ಲೋ ತುಂಗಭದ್ರಾ ಕಾಲುವೆಯಲ್ಲೋ ಮೇಲ್ಭಾಗದಲ್ಲಿ ಒಡಕು ಬಿದ್ದರೆ ಅಲ್ಲಿನ ಗದ್ದೆಗಳು ಮುಳುಗುತ್ತವೆ, ಕೊನೆಭಾಗದ ರೈತನ ತೂಬಿಗೆ ನೀರೇ ಬರುವುದಿಲ್ಲ. ಇಲ್ಲಿಯೂ ಹಾಗೆಯೇ ಶ್ವಾಸಕೋಶ ರಕ್ತದಿಂದ ತುಂಬಿ ಉಬ್ಬುತ್ತದೆ. ಕರುಳಿಗೆ, ಮೂತ್ರಪಿಂಡಕ್ಕೆ, ಮಿದುಳಿಗೆ ಕೊರತೆಯಾಗುತ್ತದೆ.

ಮಿದುಳಿನ ಈ ಕೊರತೆಯನ್ನು ಕಣ್ಣಾರೆ ನೋಡಬಹುದು, ಕಿವಿಯಾರೆ ಕೇಳಲೂಬಹುದು. ಹಸುಗೂಸಿನ ನೆತ್ತಿಯ ಮೇಲೆ ಮೂಳೆ ಕೂಡಿಕೊಳ್ಳದ ಮೆತ್ತನೆಯ ಜಾಗ ಇರುತ್ತದೆ. ನಮ್ಮ ಅಜ್ಜಿಯರು ಹರಳೆಣ್ಣೆ ಇಡುತ್ತಿದ್ದದ್ದು ಅಲ್ಲೇ. ಆ ಜಾಗಕ್ಕೆ ಸ್ವಲ್ಪ ಬೆಚ್ಚಗಿನ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಯಂತ್ರದ ಚಿಕ್ಕ ಪ್ರೋಬನ್ನು ಬಹಳ ಹಗುರವಾಗಿ ಇಡುತ್ತೇವೆ. ಬೆರಳು ಒಂದಿಷ್ಟು ಒತ್ತಿದರೂ ರಕ್ತದ ಹರಿವು ಬದಲಾಗಿ ಕಾಣುತ್ತದೆ, ಅಷ್ಟು ನಾಜೂಕು. ರಕ್ತದ ವೇಗ ಅಳೆಯುವ ಡಾಪ್ಲರ್‌ನ ಗುಂಡಿ ಒತ್ತಿದಾಗ ಮಿದುಳಿನ ಮುಂಭಾಗದ ಅಪಧಮನಿಯ ಸದ್ದು ಕೇಳಿಸುತ್ತದೆ, ಪರದೆಯ ಮೇಲೆ ಅಲೆ ಮೂಡುತ್ತದೆ. ಹೃದಯ ಬಡಿದಾಗ ಅಲೆ ಏರುತ್ತದೆ, ಎರಡು ಬಡಿತಗಳ ನಡುವೆ ಇಳಿಯುತ್ತದೆ. ಆರೋಗ್ಯವಂತ ಕೂಸಿನಲ್ಲಿ ಆ ಬಿಡುವಿನಲ್ಲೂ ರಕ್ತ ಮುಂದಕ್ಕೆ ಹರಿಯುತ್ತಲೇ ಇರುತ್ತದೆ. ದೊಡ್ಡ ಪಿಡಿಎ ಇರುವ ಕೂಸಿನಲ್ಲಿ ಬಿಡುವಿನ ಹೊತ್ತಿಗೆ ಅಲೆ ಸೊನ್ನೆಗೆ ಬಂದು ನಿಲ್ಲುತ್ತದೆ. ಕೆಲವು ಕೂಸುಗಳಲ್ಲಿ ಗೆರೆಯ ಕೆಳಗೇ ಇಳಿದುಬಿಡುತ್ತದೆ. ಅಂದರೆ ಮಿದುಳಿಗೆ ಹೋದ ರಕ್ತ ಕ್ಷಣಕಾಲ ಹಿಂದಕ್ಕೆ ಹರಿದು ಶ್ವಾಸಕೋಶದ ಕಡೆ ಹೋಗುತ್ತಿದೆ ಎಂದರ್ಥ. ಈ ಚಿತ್ರವನ್ನು ಕಂಡ ಯಾವ ವೈದ್ಯರಿಗೂ ಆ ನಾಳವನ್ನು ಹೇಗಾದರೂ ಮುಚ್ಚಬೇಕು ಅನ್ನಿಸುವುದು ಸಹಜ.

ಮುಚ್ಚುವುದು ಹೇಗೆ? ಮೊದಲು ಇದ್ದದ್ದು ಎದೆ ಕೊಯ್ದು ನಾಳಕ್ಕೆ ದಾರ ಕಟ್ಟುವ ದಾರಿ ಒಂದೇ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ವೇನ್ ಎಂಬ ಔಷಧವಿಜ್ಞಾನಿ ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಕೆಲಸ ಮಾಡುವುದು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಡೆದು ಎಂದು ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯನ್ನು ಅವರು ಸ್ವೀಡನ್ನಿನ ಸೂನೆ ಬೆರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸಾಮುಯೆಲ್ಸನ್ ಜೊತೆ ಹಂಚಿಕೊಂಡರು. 1973ರಲ್ಲಿ ಟೊರಾಂಟೋದಲ್ಲಿ ಫ್ಲಾವಿಯೋ ಕೊಚಿಯಾನಿ ಮತ್ತು ಪೀಟರ್ ಆಲಿ, ಕುರಿಮರಿಯ ಡಕ್ಟಸ್ ನಾಳ ಪ್ರೊಸ್ಟಗ್ಲಾಂಡಿನ್ ತಾಗಿದರೆ ಸಡಿಲಗೊಳ್ಳುತ್ತದೆ ಎಂದು ಕಂಡುಕೊಂಡರು. ಈ ಎರಡನ್ನೂ ಕೂಡಿಸಿ ನೋಡಿದರೆ ದಾರಿ ತಾನಾಗಿ ಕಾಣುತ್ತದೆ: ಪ್ರೊಸ್ಟಗ್ಲಾಂಡಿನ್ ತಡೆಯುವ ಔಷಧ ಕೊಟ್ಟರೆ ನಾಳ ಮುಚ್ಚಬೇಕು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಎರಡು ತಂಡಗಳು, ಸ್ಯಾನ್ ಡಿಯಾಗೋದಲ್ಲಿ ವಿಲಿಯಂ ಫ್ರೀಡ್‌ಮನ್ ಮತ್ತು ಸಂಗಡಿಗರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕೇಲ್ ಹೇಮನ್, ಅಬ್ರಹಾಂ ರುಡಾಲ್ಫ್ ಮತ್ತು ನಾರ್ಮನ್ ಸಿಲ್ವರ್‌ಮನ್, ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ವರದಿ ಮಾಡಿದರು. ಔಷಧದ ಹೆಸರು ಇಂಡೊಮೆಥಾಸಿನ್. ಸಂಧಿವಾತದ ದೊಡ್ಡವರಿಗಾಗಿ 1960ರ ದಶಕದಲ್ಲಿ ಬಂದ ಉರಿಯೂತ ಶಮನಕ ಅದು. ಕೆಜಿಗೆ ಒಂದು ಮಿಲಿಗ್ರಾಮಿನ ಐದನೇ ಒಂದು ಭಾಗದಷ್ಟು ಅಲ್ಪ ಪ್ರಮಾಣ, ಎರಡು ಮೂರು ಸಲ. ಶಸ್ತ್ರಚಿಕಿತ್ಸೆ ಇಲ್ಲದೆ ನಾಳ ಮುಚ್ಚಿತು. ಆ ಕಾಲದ ವೈದ್ಯರಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಅನ್ನಿಸಿರಬೇಕು ಎಂದು ನಾನು ಊಹಿಸಬಲ್ಲೆ.

ಹತ್ತು ವರ್ಷದ ಮೇಲೆ, 1986ರಲ್ಲಿ, ಫ್ರಾನ್ಸಿಸ್ ಕೋವನ್ ಎಂಬ ವೈದ್ಯೆ ಔಷಧ ಕೊಡುವ ಹೊತ್ತಿನಲ್ಲೇ ಕೂಸುಗಳ ಮಿದುಳಿನ ರಕ್ತದ ವೇಗವನ್ನು ಡಾಪ್ಲರಿನಲ್ಲಿ ಅಳೆದು ನೋಡಿದರು. ನಾಳ ಮುಚ್ಚಿದಮೇಲೆ ಮಿದುಳಿಗೆ ರಕ್ತ ಹೆಚ್ಚಬೇಕಲ್ಲವೇ? ಆದರೆ ನಾಳ ಮುಚ್ಚಲು ಗಂಟೆಗಳು ಬೇಕು. ಅದಕ್ಕೂ ಬಹಳ ಮೊದಲೇ, ಔಷಧ ಹೋದ ನಿಮಿಷಗಳಲ್ಲಿ, ಮಿದುಳಿನ ರಕ್ತದ ವೇಗ ಕುಸಿದಿತ್ತು. ಇಂಗ್ಲೆಂಡಿನಲ್ಲಿ ಮತ್ತೊಂದು ತಂಡ ಮರುವರ್ಷ ಇದನ್ನೇ ಕಂಡಿತು. ವೇಗ ಇಳಿದರೆ ರಕ್ತದ ಪ್ರಮಾಣವೂ ಇಳಿದಿದೆ ಎನ್ನಲು ಬರುವುದಿಲ್ಲ, ನಾಳದ ಅಗಲ ಬದಲಾಗಿರಬಹುದು ಎಂಬ ಸಂದೇಹ ಇತ್ತು. 1988ರಲ್ಲಿ ಕೋಪನ್‌ಹೇಗನ್ನಿನ ಓಲೆ ಪ್ರೂಡ್ಸ್, ಗೋರ್ಮ್ ಗ್ರೈಸನ್ ಮತ್ತು ಸಂಗಡಿಗರು ಬೇರೆ ವಿಧಾನ ಹಿಡಿದರು. ಅಲ್ಪ ವಿಕಿರಣವಿರುವ ಕ್ಸೆನಾನ್ ಅನಿಲವನ್ನು ಲವಣಜಲದಲ್ಲಿ ಕರಗಿಸಿ ರಕ್ತಕ್ಕೆ ಬಿಟ್ಟು, ತಲೆಯ ಪಕ್ಕದಲ್ಲಿಟ್ಟ ಗ್ರಾಹಕದಿಂದ ಅದು ಎಷ್ಟು ಬೇಗ ತೊಳೆದುಹೋಗುತ್ತದೆ ಎಂದು ಎಣಿಸಿದರು. ಬೇಗ ತೊಳೆದುಹೋದರೆ ರಕ್ತ ಹೆಚ್ಚು, ನಿಧಾನವಾದರೆ ಕಡಿಮೆ. ಅಲ್ಲೂ ಉತ್ತರ ಅದೇ ಬಂತು.

1990ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಬಂದ ವರದಿ ಈ ವಿಚಾರವನ್ನು ಬಗೆಹರಿಸಿತು ಎಂದೇ ನನ್ನ ಎಣಿಕೆ. ಆಸ್ಮಂಡ್ ರೆನಾಲ್ಡ್ಸ್ ಕಟ್ಟಿದ ನವಜಾತ ಶಿಶು ತಂಡ ಅಲ್ಲಿತ್ತು, ಡೇವಿಡ್ ಡೆಲ್ಪಿ ಎಂಬ ಭೌತವಿಜ್ಞಾನಿಯ ಬೆಂಬಲವಿತ್ತು. ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕು ಹಸುಗೂಸಿನ ತೆಳುವಾದ ತಲೆಬುರುಡೆಯನ್ನು ಹಾದುಹೋಗುತ್ತದೆ. ಆಮ್ಲಜನಕ ತುಂಬಿದ ರಕ್ತ ಒಂದು ಬಗೆಯಲ್ಲಿ, ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಇನ್ನೊಂದು ಬಗೆಯಲ್ಲಿ ಆ ಬೆಳಕನ್ನು ಹೀರುತ್ತದೆ. ಸೂಜಿಯಿಲ್ಲ, ವಿಕಿರಣವಿಲ್ಲ, ಮಗುವನ್ನು ಅಲುಗಾಡಿಸಬೇಕಾಗಿಯೂ ಇಲ್ಲ. ಡೇವಿಡ್ ಎಡ್ವರ್ಡ್ಸ್ ಮತ್ತು ಸಂಗಡಿಗರು 13 ಕೂಸುಗಳಲ್ಲಿ ಇಂಡೊಮೆಥಾಸಿನ್ ಕೊಡುವ ಮುಂಚೆ ಮತ್ತು ಕೊಟ್ಟಮೇಲೆ ಅಳೆದರು. ಮಿದುಳಿನ ರಕ್ತದ ಹರಿವು, ಮಿದುಳಿನಲ್ಲಿರುವ ಒಟ್ಟು ರಕ್ತ, ಅಲ್ಲಿಗೆ ತಲುಪುವ ಆಮ್ಲಜನಕ, ಮೂರೂ ಥಟ್ಟನೆ ಇಳಿದವು. ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ನಾಳಗಳು ಹಿಗ್ಗಿ ಹೆಚ್ಚು ರಕ್ತ ಬರಮಾಡಿಕೊಳ್ಳುವ ಸಹಜ ಗುಣವೂ ಮಂಕಾಯಿತು. ಒಟ್ಟಾರೆ ಈ ಎಲ್ಲ ಅಧ್ಯಯನಗಳನ್ನು ನೋಡಿದರೆ ಇಂಡೊಮೆಥಾಸಿನ್ ಕೊಟ್ಟಾಗ ಮಿದುಳಿನ ರಕ್ತ ಶೇಕಡಾ 20ರಿಂದ 40ರಷ್ಟು ಕಡಿಮೆಯಾಗುತ್ತದೆ, ಕೆಲವು ಗಂಟೆ ಹಾಗೇ ಇರುತ್ತದೆ.

ಈ ಅಂಕಿಯ ತೂಕ ತಿಳಿಯಬೇಕಾದರೆ ಇನ್ನೊಂದು ಅಂಕಿ ಗೊತ್ತಿರಬೇಕು. ನಮ್ಮ ನಿಮ್ಮಂಥ ದೊಡ್ಡವರ ಮಿದುಳಿನ ಪ್ರತಿ 100 ಗ್ರಾಮಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ದಿನ ತುಂಬದ ಕೂಸಿನಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ಅದು 10ರಿಂದ 20 ಮಿಲಿಲೀಟರ್ ಅಷ್ಟೇ. ಅಷ್ಟು ಕಡಿಮೆ ಇರುವ ಕಡೆ ಇನ್ನೂ ಮೂರನೇ ಒಂದು ಭಾಗ ಇಳಿಸುವುದೆಂದರೆ? ಆ ಮಿದುಳು ಹರಿದುಬಂದ ರಕ್ತದಿಂದ ಎಂದಿಗಿಂತ ಹೆಚ್ಚು ಆಮ್ಲಜನಕ ಹೀರಿಕೊಂಡು ಸ್ವಲ್ಪಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ, ನಿಜ. ಆದರೂ ವೈದ್ಯರಿಗೆ ಅಂಜಿಕೆ ಹುಟ್ಟಿದ್ದು ಸರಿಯೇ. ಔಷಧವನ್ನು ಒಮ್ಮೆಗೇ ತಳ್ಳುವ ಬದಲು ನಿಧಾನವಾಗಿ ಬಿಟ್ಟರೆ ಹೇಗೆ ಎಂದು ಯೋಚಿಸಿದರು. 20, 30 ನಿಮಿಷ ನಿಧಾನಿಸಿದರೆ ಸಾಕೇ ಎಂಬುದರಲ್ಲಿ ಅಧ್ಯಯನಗಳು ಒಂದಕ್ಕೊಂದು ಹೊಂದಲಿಲ್ಲ. ಲಂಡನ್ನಿನವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಜೆರುಸಲೇಮಿನ ಕ್ಯಾಥಿ ಹ್ಯಾಮರ್‌ಮನ್ 1995ರಲ್ಲಿ ಗಂಟೆಗಟ್ಟಲೆ ಸತತವಾಗಿ ಹನಿಹನಿಯಾಗಿ ಬಿಟ್ಟು ನೋಡಿದಾಗ ಮಿದುಳಿನ ರಕ್ತದ ವೇಗ ಕುಸಿಯಲಿಲ್ಲ.

ಇಷ್ಟರಲ್ಲಿ ಐಬುಪ್ರೊಫೆನ್ ಬಂತು. ಅದೂ ಅದೇ ಬಳಗದ್ದು, ಅದೂ ಪ್ರೊಸ್ಟಗ್ಲಾಂಡಿನ್ ತಡೆಯುತ್ತದೆ, ಅದೂ ನಾಳ ಮುಚ್ಚುತ್ತದೆ. 2000ದಲ್ಲಿ ಬೆಲ್ಜಿಯಂನ ಬಾರ್ಟ್ ವಾನ್ ಓವರ್‌ಮೈರ್ ಮತ್ತು ಸಂಗಡಿಗರು 148 ಮಕ್ಕಳಲ್ಲಿ ಎರಡನ್ನೂ ಹೋಲಿಸಿದರು. ಇಂಡೊಮೆಥಾಸಿನ್ ಪಡೆದವರಲ್ಲಿ ಶೇಕಡಾ 66, ಐಬುಪ್ರೊಫೆನ್ ಪಡೆದವರಲ್ಲಿ ಶೇಕಡಾ 70 ಮಕ್ಕಳಲ್ಲಿ ನಾಳ ಮುಚ್ಚಿತು; ಮೂತ್ರ ಕಡಿಮೆಯಾಗುವ ತೊಂದರೆ ಐಬುಪ್ರೊಫೆನ್‌ನಲ್ಲಿ ಕಡಿಮೆ. ಮಿದುಳಿನ ಮಾತು? ಮಿಲಾನಿನ ಫಾಬಿಯೋ ಮೋಸ್ಕಾ 1997ರಲ್ಲಿ, ಲಂಡನ್ನಿನ ತಂಡ 2000ದಲ್ಲಿ, ಬೆಳಕಿನ ವಿಧಾನದಿಂದಲೇ ಅಳೆದರು. ಇಂಡೊಮೆಥಾಸಿನ್ ಕೊಟ್ಟ ಕೂಸುಗಳಲ್ಲಿ ಮಿದುಳಿನ ರಕ್ತ ಇಳಿಯಿತು, ಐಬುಪ್ರೊಫೆನ್ ಕೊಟ್ಟವುಗಳಲ್ಲಿ ಇಳಿಯಲಿಲ್ಲ.

ಇದು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ವಿಚಾರ. ಪ್ರೊಸ್ಟಗ್ಲಾಂಡಿನ್ ತಗ್ಗಿದ್ದರಿಂದಲೇ ಮಿದುಳಿನ ರಕ್ತ ತಗ್ಗಿದ್ದರೆ ಎರಡು ಔಷಧಗಳೂ ಒಂದೇ ರೀತಿ ವರ್ತಿಸಬೇಕಾಗಿತ್ತು. ದೊಡ್ಡವರಲ್ಲೂ ಹೀಗೆಯೇ. ಇಂಡೊಮೆಥಾಸಿನ್ ಅವರ ಮಿದುಳಿನ ರಕ್ತವನ್ನು ಇಳಿಸುತ್ತದೆ, ಆಸ್ಪಿರಿನ್ ಇಳಿಸುವುದಿಲ್ಲ. ಹಾಗಾದರೆ ಇಂಡೊಮೆಥಾಸಿನ್‌ಗೆ ಪ್ರೊಸ್ಟಗ್ಲಾಂಡಿನ್ ತಡೆಯುವುದರ ಹೊರತಾಗಿ ಮಿದುಳಿನ ನಾಳಗಳನ್ನು ಬಿಗಿಸುವ ಬೇರೊಂದು ಗುಣವೂ ಇರಬೇಕು. ಒಂದೇ ಬಳಗ, ಒಂದೇ ಕೆಲಸ ಎಂದು ಔಷಧಗಳನ್ನು ಅದಲುಬದಲು ಮಾಡುವ ಅಭ್ಯಾಸ ನಮ್ಮಲ್ಲಿ ವಿಪರೀತ ಇದೆ, ಅಂಗಡಿಯಲ್ಲೂ ಮನೆಯಲ್ಲೂ. ಈ ಸಣ್ಣ ಕೂಸುಗಳ ಮಿದುಳು ಅದಕ್ಕೆ ಎದುರಾಗಿ ನಿಂತ ಸಾಕ್ಷಿ.

ಇಲ್ಲಿಗೆ ಕಥೆ ಮುಗಿದಿದ್ದರೆ ಇಂಡೊಮೆಥಾಸಿನ್ ಕೆಟ್ಟದ್ದು, ಐಬುಪ್ರೊಫೆನ್ ಒಳ್ಳೆಯದು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇನ್ನೊಂದು ಮಗ್ಗುಲಿದೆ. ದಿನ ತುಂಬದ ಕೂಸಿನ ಮಿದುಳಿನ ಒಳಗೋಡೆಯ ಪಕ್ಕದಲ್ಲಿ, ನೀರು ತುಂಬಿದ ಕುಹರಗಳ ಅಂಚಿನಲ್ಲಿ, ಹೊಸ ಮಿದುಳು ಕೋಶಗಳು ಹುಟ್ಟುವ ಒಂದು ಪ್ರದೇಶವಿದೆ. ಸುಮಾರು 34 ವಾರದ ಹೊತ್ತಿಗೆ ಅದು ಕರಗಿಹೋಗುತ್ತದೆ. ಅಲ್ಲಿಯವರೆಗೆ ಅಲ್ಲಿನ ರಕ್ತನಾಳಗಳ ಗೋಡೆ ಒಂದು ಪದರದಷ್ಟು ತೆಳು. ರಕ್ತದೊತ್ತಡ ಏರಿದರೆ, ಇಂಗಾಲದ ಡೈಆಕ್ಸೈಡ್ ಏರಿ ರಕ್ತ ನುಗ್ಗಿದರೆ ಅವು ಒಡೆಯುತ್ತವೆ. ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಬಹುಪಾಲು ಹುಟ್ಟಿದ ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ದೊಡ್ಡ ಸ್ರಾವವಾದರೆ ಕೆಲವು ಮಕ್ಕಳು ಉಳಿಯುವುದಿಲ್ಲ, ಉಳಿದ ಕೆಲವರಿಗೆ ಕೈಕಾಲು ಸೆಟೆತ, ತಲೆಯಲ್ಲಿ ನೀರು ತುಂಬುವುದು, ಕಲಿಕೆಯ ತೊಂದರೆ ಬರುತ್ತವೆ. ಈ ನುಗ್ಗುವ ರಕ್ತವನ್ನು ತಗ್ಗಿಸಲು, ನಾಳಗಳ ಹಾರಾಟವನ್ನು ಮಂಕಾಗಿಸಲು ಇಂಡೊಮೆಥಾಸಿನ್‌ನ ಅದೇ ಗುಣ ನೆರವಾದರೆ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಾರಾ ಮೆಂಟ್ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಬೀಗಲ್ ನಾಯಿಮರಿಗಳಲ್ಲಿ ಇಂಡೊಮೆಥಾಸಿನ್ ಆ ನಾಳಗಳ ಗೋಡೆಯನ್ನು ಬೇಗ ಬಲಿಯುವಂತೆ ಮಾಡುತ್ತದೆ ಎಂಬುದನ್ನೂ ಅವರ ತಂಡ ಕಂಡಿತು. 1994ರಲ್ಲಿ 431 ಕೂಸುಗಳ ಅಧ್ಯಯನದಲ್ಲಿ, ಹುಟ್ಟಿದ ಮೊದಲ ಗಂಟೆಗಳಲ್ಲೇ ಅಲ್ಪ ಪ್ರಮಾಣದ ಇಂಡೊಮೆಥಾಸಿನ್ ಶುರುಮಾಡಿದವುಗಳಲ್ಲಿ ಶೇಕಡಾ 12ಕ್ಕೆ ರಕ್ತಸ್ರಾವವಾಯಿತು, ಕೊಡದವುಗಳಲ್ಲಿ ಶೇಕಡಾ 18ಕ್ಕೆ. ಮಿದುಳಿಗೆ ರಕ್ತ ತಗ್ಗಿಸುತ್ತದೆ ಎಂದು ಅಂಜಿದ ಔಷಧವೇ ಮಿದುಳನ್ನು ಕಾಯುತ್ತಿದೆ ಅನ್ನಿಸಿತು. ಐಬುಪ್ರೊಫೆನ್ನನ್ನು ಹೀಗೆ ಮುಂಚಿತವಾಗಿ ಕೊಟ್ಟು ನೋಡಿದವರಿಗೆ ರಕ್ತಸ್ರಾವದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ರಕ್ತದ ಹರಿವನ್ನು ತಗ್ಗಿಸದ ಔಷಧ ಸ್ರಾವವನ್ನೂ ತಡೆಯಲಿಲ್ಲ. ಅಪಾಯವೆಂದುಕೊಂಡ ಗುಣ, ಉಪಕಾರವೆಂದುಕೊಂಡ ಗುಣ ಎರಡೂ ಒಂದೇ ಆಗಿರುವ ಸಾಧ್ಯತೆ ಅಲ್ಲಿ ಎದ್ದುಕಾಣುತ್ತದೆ.

ಆಮೇಲೆ 2001 ಬಂತು. ನನ್ನ ಮಟ್ಟಿಗೆ ಈ ಐವತ್ತು ವರ್ಷದ ಹುಡುಕಾಟದಲ್ಲಿ ಅತಿ ದೊಡ್ಡ ಪಾಠ ಕಲಿಸಿದ ಪ್ರಯೋಗ ಅದೇ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಶ್ಮಿಟ್ ಮುಂದಾಳತ್ವದಲ್ಲಿ, 500ರಿಂದ 999 ಗ್ರಾಂ ತೂಕದ 1,202 ಕೂಸುಗಳು. ಅರ್ಧಕ್ಕೆ ಇಂಡೊಮೆಥಾಸಿನ್, ಅರ್ಧಕ್ಕೆ ಬರೀ ಲವಣಜಲ. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿಲ್ಲ, ಪೋಷಕರಿಗೂ ಗೊತ್ತಿಲ್ಲ. ನಾಳ ತೆರೆದುಕೊಂಡೇ ಇದ್ದದ್ದು ಔಷಧ ಪಡೆದವರಲ್ಲಿ ಶೇಕಡಾ 24, ಪಡೆಯದವರಲ್ಲಿ ಶೇಕಡಾ 50. ತೀವ್ರ ರಕ್ತಸ್ರಾವ ಶೇಕಡಾ 9, ಎದುರಿಗೆ ಶೇಕಡಾ 13. ಎರಡೂ ಗೆಲುವುಗಳೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಲೆಕ್ಕ ಮುಗಿಸುತ್ತಿದ್ದರೇನೋ. ಶ್ಮಿಟ್ ಮತ್ತು ಸಂಗಡಿಗರು ಮಕ್ಕಳಿಗೆ ಒಂದೂವರೆ ವರ್ಷ ಆಗುವವರೆಗೆ ಕಾದರು. ನಡೆಯುತ್ತಿದೆಯೇ, ಕೇಳಿಸುತ್ತದೆಯೇ, ಕಣ್ಣು ಕಾಣುತ್ತದೆಯೇ, ವಯಸ್ಸಿಗೆ ತಕ್ಕ ತಿಳಿವಳಿಕೆ ಇದೆಯೇ ಎಂದು ಒಂದೊಂದು ಮಗುವನ್ನೂ ಕೂರಿಸಿ ನೋಡಿದರು. ತೀರಿಕೊಂಡ ಅಥವಾ ಗಂಭೀರ ತೊಂದರೆ ಉಳಿದ ಮಕ್ಕಳು ಔಷಧದ ಗುಂಪಿನಲ್ಲಿ ಶೇಕಡಾ 47, ಲವಣಜಲದ ಗುಂಪಿನಲ್ಲಿ ಶೇಕಡಾ 46.

ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ನಾಳ ಮುಚ್ಚಿತು, ಸ್ರಾವ ತಗ್ಗಿತು, ಆದರೂ ಮಗುವಿನ ಬಾಳಿಗೆ ಲಾಭ ಸಿಗಲಿಲ್ಲ. ಅಂಜಿದಷ್ಟು ಹಾನಿಯೂ ಆಗಲಿಲ್ಲ ಎಂಬ ಸಮಾಧಾನ ಅದರಲ್ಲೇ ಇದೆ, ಅದನ್ನು ಮರೆಯಬಾರದು. ಔಷಧ ಕೊಟ್ಟ ಮೂರು ದಿನ ಮಿದುಳಿನ ರಕ್ತ ಇಳಿದಿದ್ದಕ್ಕೆ ಆ ಮಕ್ಕಳು ಬೆಲೆ ತೆತ್ತ ಗುರುತು ಕಾಣಲಿಲ್ಲ. ಯಂತ್ರದ ಪರದೆಯ ಮೇಲೆ ಕಾಣುವ ಅಲೆ, ಬೆಳಕು ಅಳೆದ ಅಂಕಿ, ಸ್ಕ್ಯಾನಿನ ಬಿಳಿ ಕಲೆ, ಇವೆಲ್ಲ ಬೇಕು. ಆದರೆ ಇವುಗಳಲ್ಲಿ ಯಾವುದೂ ಎರಡು ವರ್ಷದ ಮಗುವಿಗೆ ಬದಲಿಯಾಗಲಾರದು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಕೂತದ್ದು ಈ ಪ್ರಯೋಗದಿಂದ.

ಆ ಬಳಿಕ ಬಂದ ಪ್ರಯೋಗಗಳು ಅದೇ ಕಡೆಗೆ ಕೈತೋರಿಸಿವೆ. 2023ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್‌ಗಳ 273 ಕೂಸುಗಳಲ್ಲಿ ಬೇಗನೆ ಐಬುಪ್ರೊಫೆನ್ ಕೊಡುವುದಕ್ಕೂ, ಕೊಡದೆ ಕಾದು ನೋಡುವುದಕ್ಕೂ ಹೋಲಿಕೆ ನಡೆಯಿತು. ಸಾವು, ಕರುಳಿನ ತೀವ್ರ ತೊಂದರೆ, ಶ್ವಾಸಕೋಶದ ದೀರ್ಘ ಕಾಯಿಲೆ, ಮೂರನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಕಾದು ನೋಡಿದವರಲ್ಲಿ ಶೇಕಡಾ 46.3, ಔಷಧ ಪಡೆದವರಲ್ಲಿ ಶೇಕಡಾ 63.5. ಮರುವರ್ಷ ಬ್ರಿಟನ್ನಿನ 653 ಕೂಸುಗಳ ಪ್ರಯೋಗದಲ್ಲೂ ಬೇಗನೆ ಐಬುಪ್ರೊಫೆನ್ ಕೊಟ್ಟದ್ದರಿಂದ ಅನುಕೂಲ ಕಾಣಲಿಲ್ಲ. ಬಹಳಷ್ಟು ನಾಳಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನಮ್ಮ ಅವಸರ ಅವುಗಳಿಗಿಲ್ಲ. ಕೋಪನ್‌ಹೇಗನ್ನಿನ ಗೋರ್ಮ್ ಗ್ರೈಸನ್, ಆಗಲೇ ಹೆಸರಿಸಿದವರು, ಮೂವತ್ತೈದು ವರ್ಷಗಳ ತರುವಾಯವೂ ಇದೇ ಹೊಲದಲ್ಲಿ ದುಡಿಯುತ್ತಿದ್ದರು. ಮಿದುಳಿನ ಆಮ್ಲಜನಕವನ್ನು ಬೆಳಕಿನಿಂದ ಸತತವಾಗಿ ನೋಡುತ್ತ, ಇಳಿದಾಗೆಲ್ಲ ಚಿಕಿತ್ಸೆ ಬದಲಿಸಿದರೆ ಮಕ್ಕಳಿಗೆ ಒಳಿತಾದೀತೇ ಎಂದು ಅವರ ಬಳಗ 1,601 ಕೂಸುಗಳಲ್ಲಿ ನೋಡಿತು. 2023ರಲ್ಲಿ ಫಲಿತಾಂಶ ಬಂತು: ಸಾವು ಅಥವಾ ತೀವ್ರ ಮಿದುಳು ಹಾನಿ ಒಂದು ಕಡೆ ಶೇಕಡಾ 35.2, ಇನ್ನೊಂದು ಕಡೆ 34. ತಾವೇ ಜೀವಮಾನವಿಡೀ ಬೆಳೆಸಿದ ವಿಧಾನವನ್ನು ಹೀಗೆ ಒರೆಗೆ ಹಚ್ಚಿ, ಬಂದ ಉತ್ತರವನ್ನು ಹಾಗೆಯೇ ಲೋಕದ ಮುಂದಿಟ್ಟವರ ಬಗ್ಗೆ ನನಗೆ ತುಂಬ ಗೌರವವಿದೆ.

ಪ್ಯಾರಾಸಿಟಮಾಲ್ ಬಗ್ಗೆ ಒಂದೆರಡು ಮಾತು. 2011ರಲ್ಲಿ ಮತ್ತೆ ಕ್ಯಾಥಿ ಹ್ಯಾಮರ್‌ಮನ್ ತಂಡವೇ, ಐದು ಕೂಸುಗಳಲ್ಲಿ ಪ್ಯಾರಾಸಿಟಮಾಲ್‌ನಿಂದ ನಾಳ ಮುಚ್ಚಿದ್ದನ್ನು ವರದಿ ಮಾಡಿತು. ಉರಿಯೂತ ಶಮನಕ ಎಂದು ಅದನ್ನು ಕರೆಯುವುದಿಲ್ಲ, ಆದರೆ ಅದೂ ಬೇರೊಂದು ದಾರಿಯಲ್ಲಿ ಪ್ರೊಸ್ಟಗ್ಲಾಂಡಿನ್ ತಗ್ಗಿಸುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ ಅಳೆದವರಿಗೆ ಅದರಿಂದ ಮಿದುಳಿನ ಆಮ್ಲಜನಕದಲ್ಲಿ ಏರುಪೇರು ಕಾಣಲಿಲ್ಲ. ಅಗ್ಗವಾಗಿ ಎಲ್ಲೆಡೆ ಸಿಗುವುದರಿಂದ ನಮ್ಮ ದೇಶದಲ್ಲೂ ಅದರ ಬಳಕೆ ಹಬ್ಬಿದೆ. ಮೂತ್ರಪಿಂಡ ಸೋತಿರುವ, ಕರುಳಿಗೆ ಪೆಟ್ಟಾಗಿರುವ ಕೂಸಿಗೆ ಅದು ಉಳಿದೆರಡಕ್ಕಿಂತ ಸೌಮ್ಯ ಎಂದು ಅನೇಕರು ಅದನ್ನೇ ಆರಿಸುತ್ತಾರೆ.

ಹೀಗೆಲ್ಲ ಇರುವಾಗ, ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮಲಗಿರುವ ತಂದೆತಾಯಂದಿರು ಏನು ಕೇಳಬೇಕು? ಪಿಡಿಎ ಇದೆ, ಔಷಧ ಕೊಡುತ್ತಿಲ್ಲ ಎಂದು ಡಾಕ್ಟರು ಹೇಳಿದರೆ ಗಾಬರಿಯಾಗಬೇಡಿ, ಅದು ನಿರ್ಲಕ್ಷ್ಯವಲ್ಲ. ಕೊಡುತ್ತೇವೆ ಎಂದರೆ ಯಾವ ಔಷಧ, ಏಕೆ ಈಗ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ತಲೆಯ ಸ್ಕ್ಯಾನ್ ಮಾಡಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿ. ಈ ನಾಲ್ಕಕ್ಕೂ ಉತ್ತರ ಕೊಡುವುದು ವೈದ್ಯರ ಕರ್ತವ್ಯ. ಮಿದುಳಿನ ರಕ್ತಸ್ರಾವ ತಡೆಯಲು ಇವೆಲ್ಲಕ್ಕಿಂತ ಖಚಿತವಾದ ಉಪಾಯವೊಂದು 1972ರಿಂದ ನಮ್ಮ ಕೈಯಲ್ಲಿದೆ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಮತ್ತು ರಾಸ್ ಹೋವಿ ತೋರಿಸಿಕೊಟ್ಟ, ಹೆರಿಗೆಗೆ ಮುನ್ನ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು. ಮಗುವಿನ ಶ್ವಾಸಕೋಶಕ್ಕಾಗಿ ಅವರು ಅದನ್ನು ಕೊಟ್ಟರು, ಮಿದುಳಿಗೂ ರಕ್ಷಣೆ ಸಿಕ್ಕಿತು. ಅವಧಿಗೆ ಮುನ್ನ ನೋವು ಬಂದರೆ, ನೀರು ಒಡೆದರೆ ಊರಿನಲ್ಲೇ ಕಾಯುತ್ತ ಕೂರದೆ ದೊಡ್ಡ ಆಸ್ಪತ್ರೆಗೆ ಹೊರಡಿ ಎಂದು ನಾವು ಪದೇಪದೇ ಹೇಳುವುದು ಆ ಚುಚ್ಚುಮದ್ದಿಗೆ ಹೊತ್ತು ಸಿಗಲಿ ಎಂದು.

ಬಸುರಿಯರಿಗೆ ಇನ್ನೊಂದು ಮಾತು, ಇದು ಇವತ್ತೇ ಉಪಯೋಗಕ್ಕೆ ಬರುವಂಥದ್ದು. ನೀವು ನುಂಗಿದ ನೋವಿನ ಮಾತ್ರೆ ಮಾಸನ್ನು ದಾಟಿ ಮಗುವಿಗೂ ಹೋಗುತ್ತದೆ. ಬ್ರೂಫೆನ್ ಎಂದರೆ ಐಬುಪ್ರೊಫೆನ್. ಕಾಂಬಿಫ್ಲಾಮ್‌ನಲ್ಲೂ ಅದಿದೆ. ವೊವೆರಾನ್ ಎಂದರೆ ಡೈಕ್ಲೋಫೆನಾಕ್, ಮೆಫ್ತಾಲ್ ಎಂದರೆ ಮೆಫೆನಾಮಿಕ್ ಆಮ್ಲ. ಎಲ್ಲವೂ ಪ್ರೊಸ್ಟಗ್ಲಾಂಡಿನ್ ತಡೆಯುವಂಥವೇ. ಹುಟ್ಟಿದ ಮೇಲೆ ಮುಚ್ಚಲಿ ಎಂದು ನಾವು ಹಂಬಲಿಸುವ ನಾಳ, ಬಸಿರಿನಲ್ಲಿರುವಾಗ ಮುಚ್ಚಿದರೆ ಮಗುವಿನ ಹೃದಯಕ್ಕೆ ಅಪಾಯ. ಮೊದಲು 30 ವಾರದ ನಂತರ ಇವು ಬೇಡ ಎನ್ನುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 20 ವಾರದ ನಂತರವೇ ಇವನ್ನು ಬಿಡಬೇಕೆಂದು ಎಚ್ಚರಿಸಿತು, ಮಗುವಿನ ಮೂತ್ರಪಿಂಡ ಸೊರಗಿ ಗರ್ಭದ ನೀರು ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ. ರಕ್ತದೊತ್ತಡದ ತೊಂದರೆ ತಡೆಯಲು ವೈದ್ಯರೇ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಇದ್ದರೆ ಅದನ್ನು ಮಾತ್ರ ನಿಲ್ಲಿಸಬೇಡಿ, ಅದರ ಲೆಕ್ಕ ಬೇರೆ. ಉಳಿದಂತೆ ಸೊಂಟನೋವಿಗೋ ತಲೆನೋವಿಗೋ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೇಳುವಾಗ "ನಾನು ಬಸುರಿ, ಇಷ್ಟು ತಿಂಗಳು" ಎಂದು ಮೊದಲು ಹೇಳಿ. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲನ್ನೂ ದಿನಗಟ್ಟಲೆ ನುಂಗಬೇಡಿ.

ದಿನ ತುಂಬದೆ ಹುಟ್ಟಿದ ಮಗು ತೂಕ ಕೂಡಿಕೊಂಡು ಮನೆಗೆ ಹೋದಮೇಲೆ ನಮ್ಮಲ್ಲಿ ಅನೇಕರು ತಪಾಸಣೆಗೆ ಬರುವುದನ್ನು ಬಿಟ್ಟುಬಿಡುತ್ತಾರೆ. ಮಗು ದುಂಡಗಾಗಿದೆ, ನಗುತ್ತಿದೆ, ಇನ್ನೇಕೆ ಆಸ್ಪತ್ರೆ ಎನ್ನುತ್ತಾರೆ ಮನೆಯ ಹಿರಿಯರು. ಪಿಡಿಎ ಮುಚ್ಚಿದ್ದರೂ, ಸ್ಕ್ಯಾನ್ ಚೆನ್ನಾಗಿ ಬಂದಿದ್ದರೂ ಬನ್ನಿ. ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬೇಡಿ, ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ. ಮೂರು ತಿಂಗಳು ಮುಂಚೆ ಬಂದ ಮಗು ಹುಟ್ಟಿ ಒಂಬತ್ತು ತಿಂಗಳಾದಾಗ ಆರು ತಿಂಗಳ ಮಗುವಿನ ಆಟ ಆಡಿದರೆ ಸಾಕು. ಕನಿಷ್ಠ ಎರಡು ವರ್ಷದವರೆಗೆ ಕಣ್ಣು, ಕಿವಿ, ಕೈಕಾಲಿನ ಬಿಗಿ, ಮಾತು ಇವನ್ನು ಪರೀಕ್ಷಿಸಬೇಕು. ಕೈಕಾಲಿನಲ್ಲಿ ಸೆಟೆತ ಇದ್ದರೆ ಮೊದಲ ವರ್ಷದಲ್ಲೇ ಗುರುತಿಸಿ ವ್ಯಾಯಾಮ ಶುರುಮಾಡಿದಷ್ಟೂ ಒಳ್ಳೆಯದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಚೀಟಿಯಲ್ಲಿ ಎಷ್ಟನೇ ವಾರಕ್ಕೆ ಹುಟ್ಟಿತು, ಹುಟ್ಟಿದಾಗ ತೂಕವೆಷ್ಟು, ಯಾವ ಔಷಧ ಎಷ್ಟು ದಿನ ಕೊಟ್ಟರು, ತಲೆಯ ಸ್ಕ್ಯಾನಿನಲ್ಲಿ ಏನು ಕಂಡಿತು ಎಂಬುದೆಲ್ಲ ಬರೆದಿರುತ್ತದೆ. ಅದನ್ನು ಜೋಪಾನವಾಗಿಟ್ಟು ಪ್ರತಿ ಸಲವೂ ತನ್ನಿ.